ಕರ್ಪೂರ ಇಟ್ಟ ಗಾಜು

ಆಯುಧಪೂಜೆಯ ದಿನ ನಮ್ಮ ಕಾರಿನ ಸನ್‌ರೂಫ್ ಗಾಜು ಒಡೆಯಿತು. ಒಡೆದದ್ದು ಮಾವನವರ ಕೈಯಲ್ಲಿ. ಆವತ್ತಿನಿಂದ ಅವರು ನನ್ನ ಮಗಳ ಹಣೆಗೆ ವಿಭೂತಿ ಹಚ್ಚುವುದನ್ನು ಬಿಟ್ಟರು.

ನಮ್ಮದು ಅಗರ. ತಾಲ್ಲೂಕು ಯಳಂದೂರು, ಸಾಮಾನು ಸರಂಜಾಮಿಗೆ ಕೊಳ್ಳೇಗಾಲ. ಮಾವ ದೊಡ್ಡಮಾದಪ್ಪನವರು ಮೂವತ್ತು ವರ್ಷದಿಂದ ಆಯುಧಪೂಜೆಗೆ ಟ್ರಾಕ್ಟರಿನ ಬಾನೆಟ್ ಮೇಲೆ ವೀಳ್ಯದೆಲೆ ಇಟ್ಟು, ಎಲೆಯ ಮೇಲೆ ಕರ್ಪೂರ ಹಚ್ಚಿದವರು. ಕಾರು ಬಂದ ಮೇಲೆ ಅದರ ಪೂಜೆಯನ್ನು ನನ್ನ ಗಂಡ ಗುರುಪ್ರಕಾಶ್ ಮಾಡುತ್ತಿದ್ದ. ಆರತಿ ತಟ್ಟೆಯನ್ನು ಎತ್ತಿ ತೋರಿಸುತ್ತಿದ್ದ, ಅಷ್ಟೆ. ಬಣ್ಣ ಹಾಳಾಗುತ್ತದೆಂದು ಕಾರಿನ ಮೇಲೆ ಏನೂ ಇಡಲು ಬಿಡುತ್ತಿರಲಿಲ್ಲ.

ಗುರು ಹೋಗಿ ಹತ್ತು ತಿಂಗಳಾಗಿತ್ತು. ಅತ್ತೆ ಸುವರ್ಣಮ್ಮನವರು ಈ ವರ್ಷ ಯಾವ ಹಬ್ಬವೂ ಬೇಡ ಎಂದಿದ್ದರು. ಮಾವ ಒಪ್ಪಲಿಲ್ಲ.

"ಮನ್ಸರಿಗೆ ಬ್ಯಾಡ ಕಣಮ್ಮಿ, ಒಪ್ತೀನಿ. ಅದು ಅವುನ್ ಗಾಡಿ. ಬರೀ ಹಣೇಲಿ ನಿಂತಿರ್ಬೇಕಾ?"

ಬರೀ ಹಣೆ ಎಂದ ಮೇಲೆ ನನ್ನ ಕಡೆ ನೋಡಿ ಸುಮ್ಮನಾದರು. ನಾನು ಒಳಗೆ ಹೋಗಿ ಕರ್ಪೂರದ ಡಬ್ಬಿ ತಂದುಕೊಟ್ಟೆ.

ಅವರು ಸ್ಟೂಲ್ ಹತ್ತಿ ಕಾರಿನ ನೆತ್ತಿಗೆ ಮೂರು ಗೆರೆ ಎಳೆದರು. ನೆತ್ತಿಯೆಂದರೆ ಗಾಜು. ಅದರ ಮೇಲೆ ಎಲೆ, ಎಲೆಯ ಮೇಲೆ ಒಂದು ಹಿಡಿ ಕರ್ಪೂರ. ಅದು ಗಾಜು ಎಂದು ಅವರಿಗೆ ಗೊತ್ತಿತ್ತು. ಲಾಟೀನಿನ ಬುರುಡೆಯೂ ಗಾಜೇ, ರಾತ್ರಿಯಿಡೀ ಉರಿ ತಡೆಯುತ್ತದಲ್ಲ ಎಂಬುದು ಅವರ ಲೆಕ್ಕ. ಘಂಟೆ ಬಾರಿಸುತ್ತಿದ್ದಾಗ ಟಪ್ ಎಂದಿತು. ಗಾಜು ಕಲ್ಲುಸಕ್ಕರೆಯ ಹಾಗೆ ಪುಡಿಯಾಗಿ, ಉರಿಯುವ ಕರ್ಪೂರದ ಸಮೇತ ಹಿಂದಿನ ಸೀಟಿನ ಮೇಲೆ ಸುರಿಯಿತು. ಆ ಸೀಟು ನನ್ನ ಮಗಳು ಮಧುಶ್ರೀಯದು. ನಾನು ಒಂದು ಚೊಂಬು ನೀರು ಹಾಕಿದೆ. ಸೀಟಿನ ಮೇಲೆ ಅಂಗೈಯಗಲ ಕಪ್ಪು ಉಳಿಯಿತು. ಮಾವ ಸ್ಟೂಲ್ ಮೇಲೆಯೇ ಇದ್ದರು, ಘಂಟೆ ಕೈಯಲ್ಲಿತ್ತು.

ಮಧುಶ್ರೀಗೆ ಆರು ವರ್ಷ. ದಿನಾ ಬೆಳಿಗ್ಗೆ ಶೂ ಹಾಕುವ ಮೊದಲು ತಾತನ ಮುಂದೆ ನಿಂತು, ಕಣ್ಣು ಮುಚ್ಚಿ, ಮುಖ ಎತ್ತುತ್ತಾಳೆ. ತಾತ ವಿಭೂತಿ ಹಚ್ಚಬೇಕು. ಆಮೇಲೆ ಸ್ಕೂಲು. ಹಬ್ಬ ಮುಗಿದ ಮೇಲೆ ಸ್ಕೂಲು ತೆರೆದ ದಿನ ಹಾಗೇ ನಿಂತಳು. ಮಾವ ಕೈ ಹಿಂದೆ ಕಟ್ಟಿಕೊಂಡರು.

"ಅಜ್ಜಿ ತವ ಹಚ್ಚಿಸ್ಕ ಓಗವ್ವ."

ಅವಳು ಇನ್ನೂ ಎರಡು ದಿನ ಬಂದು ನಿಂತಳು. ಮೂರನೆಯ ದಿನ ಬರಲಿಲ್ಲ.

ಅವರು ಅತ್ತೆಯ ಬಳಿ ಹೇಳಿದ್ದು ನನ್ನ ಕಿವಿಗೂ ಬಿತ್ತು. "ಅವತ್ತೂ ಈ ಕೈಲೇ ಹಚ್ಚಿದ್ದೆ. ಈ ಕೈ ಸರಿಯಿಲ್ಲ ಸುವರ್ಣ. ಕೂಸಿಗೆ ಮುಟ್ಸಾದಿಲ್ಲ ಇನ್ನ."

ಅವತ್ತು ಎಂದರೆ ಡಿಸೆಂಬರಿನ ಆ ಬೆಳಿಗ್ಗೆ. ಗುರು ಶಟಲ್ ಆಡಲು ಕೊಳ್ಳೇಗಾಲಕ್ಕೆ ಹೊರಟವನು, ತಂದೆಯಿಂದ ಹಚ್ಚಿಸಿಕೊಂಡು ಹೋದ. ಒಂಬತ್ತು ಗಂಟೆಗೆ ಆಂಬುಲೆನ್ಸ್‌ನಲ್ಲಿ ಬಂದ. ಮೂವತ್ತಾರು ವರ್ಷ. ಹಣೆಯ ಮೇಲೆ ಮೂರು ಗೆರೆ ಹಾಗೇ ಇದ್ದವು, ಬೆವರಿಗೂ ಅಳಿಸಿರಲಿಲ್ಲ.

ಆ ಗಾಜಿನ ಬಗ್ಗೆ ನನಗೆ ಗೊತ್ತಿದ್ದ ಒಂದು ಸಂಗತಿ ಇತ್ತು. ಅದನ್ನು ಹೇಳಲಿಲ್ಲ.

ಕಾರಿಗೆ ಟಾರ್ಪಾಲು ಹೊದಿಸಿದರು. ಅತ್ತೆಯ ತಮ್ಮ ಶಿವಕುಮಾರಸ್ವಾಮಿ ಹನೂರಿನಿಂದ ಫೋನ್ ಮಾಡಿ, ಪೂಜೆಯಲ್ಲೇ ಒಡೆದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಗಿರಾಕಿ ನಾನೇ ತರುತ್ತೇನೆ ಎಂದ. ಮಾವ ಹೂಂ ಎಂದೂ ಹೇಳಲಿಲ್ಲ, ಊಹೂಂ ಎಂದೂ ಹೇಳಲಿಲ್ಲ. ನಾನು ಯಳಂದೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರತೊಡಗಿದೆ. ಅಲ್ಲಿ ನಾನು ಅತಿಥಿ ಉಪನ್ಯಾಸಕಿ, ಇತಿಹಾಸ ಹೇಳುತ್ತೇನೆ. ಪಾಠ ಮಾಡುವಾಗ ನನ್ನ ದನಿ ಬೇರೆ ಯಾರದೋ ಎನ್ನಿಸುತ್ತದೆ. ಹುಡುಗರು ಬರೆದುಕೊಳ್ಳುತ್ತಾರೆ.

ಹಿಂಗಾರು ಹಿಡಿಯಿತು. ಟಾರ್ಪಾಲಿನಲ್ಲಿ ನೀರು ನಿಂತು ಜೋತಾಡಿತು. ಒಂದು ಶನಿವಾರ ತೂತಿಗೆ ಪ್ಲಾಸ್ಟಿಕ್ ಅಂಟಿಸಿ ಕಾರನ್ನು ಕೊಳ್ಳೇಗಾಲಕ್ಕೆ ಒಯ್ದೆ. ಇಂಥದೇ ಎಂದು ತೀರ್ಮಾನ ಮಾಡಿ ಹೋದದ್ದಲ್ಲ. ಮಾರುವುದಾದರೂ ಗಾಜು ಬೇಕಲ್ಲ.

ಬೈಪಾಸಿನ ಬಳಿ ಮುತ್ತಯ್ಯನವರ ಗಾಜಿನ ಅಂಗಡಿ. ಪ್ಲಾಸ್ಟಿಕ್ ಎತ್ತಿ ನೋಡಿದರು. ಸುಟ್ಟ ಸೀಟನ್ನೂ ನೋಡಿದರು.

"ಆಯುಧಪೂಜೆ ಕೇಸಾ ಮೇಡಂ?"

"ಹೂಂ."

"ಈ ವರ್ಸ ನಿಮ್ದು ಮೂರ್ನೇದು. ಒಬ್ಬ ಕುಂಬಳಕಾಯ್ನ ಬಾನೆಟ್ ಮ್ಯಾಲೇ ಒಡ್ದವ್ನೆ. ಇನ್ನೊಬ್ಬ ನಾಕ್ ಚಕ್ರಕ್ಕೂ ನಿಂಬೆಹಣ್ಣಿಕ್ಬುಟ್ಟು, ರಿವರ್ಸ್ ಅಂತ ಗ್ಯಾನ ಇಲ್ದೆ ದೇವಸ್ಥಾನದ್ ಗ್ವಾಡೆಗೇ ಗುದ್ದವ್ನೆ. ದೇವ್ರು ಏನ್ ಮಾಡಾನು ಏಳಿ."

ಕಾರಿನ ನಂಬರಿನ ಫೋಟೋ ತೆಗೆದುಕೊಂಡು ಮೈಸೂರಿಗೆ ಕಳಿಸಿದರು. ಗಾಜು ಬರಲು ಒಂಬತ್ತು ದಿನ ಹಿಡಿಯಿತು.

ಬಂದ ದಿನ ನಾನು ರಜೆ ಹಾಕಿದೆ. ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು. ಹೊಸ ಗಾಜು ಥರ್ಮೊಕೋಲಿನೊಳಗೆ ಮಲಗಿತ್ತು. ಕೂರಿಸುವುದು ಅರ್ಧ ಗಂಟೆಯ ಕೆಲಸ, ಚೊಕ್ಕಟ ಮಾಡುವುದೇ ಇಡೀ ಬೆಳಿಗ್ಗೆಯ ಕೆಲಸ ಎಂದರು ಮುತ್ತಯ್ಯ. ಗಾಜು ಸರಿಯುವ ಎರಡು ಹಳಿಗಳಿವೆ, ನಾಲ್ಕು ಮೂಲೆಗೆ ನೀರು ಹರಿದು ಹೋಗಲು ನಾಲ್ಕು ಸಣ್ಣ ಕೊಳವೆ. ಒಂದು ಚೂರು ಉಳಿದರೂ ಹಳಿ ಗೀಚುತ್ತದೆ, ನೀರು ನಿಮ್ಮ ತಲೆ ಮೇಲೆ ಬರುತ್ತದೆ. ಅವರು ಬ್ರಷ್ಷಿನಲ್ಲಿ ಗುಡಿಸಿದರು, ವ್ಯಾಕ್ಯೂಮ್ ಹಿಡಿದರು, ಮತ್ತೆ ಬ್ರಷ್ ಹಿಡಿದರು. ಚೂರುಗಳು ಬಕೆಟ್ಟಿನಲ್ಲಿ ಅಕ್ಕಿ ಸುರಿದಂತೆ ಸದ್ದು ಮಾಡಿದವು. ಒಂದೆರಡಕ್ಕೆ ಇನ್ನೂ ವಿಭೂತಿ ಅಂಟಿಕೊಂಡಿತ್ತು.

ನಾನು ನೋಡುತ್ತ ಕೂತಿದ್ದೆ. ಈಚೆಗೆ ನನಗೆ ಬರುವ ಕೆಲಸ ಅದೊಂದೇ.

ಹಿಂದಿನ ಬಲಮೂಲೆಯ ಕೊಳವೆಯ ಬಾಯಿಂದ ಅವರು ಇಕ್ಕಳದಲ್ಲಿ ಏನನ್ನೋ ಎಳೆದರು. ಬೆರಳಿನಿಂದ ಉಜ್ಜಿ, ಬೆಳಕಿಗೆ ಹಿಡಿದು, ನನ್ನ ಹತ್ತಿರ ತಂದರು. ಒಂದು ಚೌಕ ಟೇಪು. ಅದಕ್ಕೆ ಅಂಟಿಕೊಂಡು ಹತ್ತು ಹನ್ನೆರಡು ಚೂರು, ಬಿದ್ದು ಹೋಗದೆ ಇದ್ದ ಹಾಗೇ ಇದ್ದವು. ನಡುವೆ ಉಗುರಿನಷ್ಟು ಒಂದು ಬಿಳಿ ಗುಳಿ.

"ನೋಡಿ ಮೇಡಂ. ಇದುಕ್ಕೆ ಮೊದ್ಲೇ ಏಟ್ ಬಿದ್ದದೆ. ಮೂಲೇಲಿ ಏಟ್ ಬಿದ್ದ ಗಾಜು ಇವತ್ತೋ ನಾಳ್ಕೋ ಓಗಾದೇಯ. ಕರ್ಪೂರ ಒಂದ್ ನೆಪ. ಯಾರೋ ಟೇಪ್ ಬ್ಯಾರೆ ಹಾಕವ್ರೆ."

"ಹೂಂ," ಎಂದೆ.

"ಗೊತ್ತಿತ್ತಾ?"

ಮತ್ತೆ ಹೂಂ ಎಂದೆ. ಅವರು ಒಂದು ಚೂರು ಪೇಪರ್ ಹರಿದು, ಅದರಲ್ಲಿ ಸುತ್ತಿ ಕೊಟ್ಟರು. ಕೈ ಕುಯ್ದುಕೊಂಡೀರಿ ಎಂದರು.

ಅವನು ಹೋಗುವ ಮೊದಲಿನ ತಿಂಗಳು ನಾವು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದೆವು. ಇಳಿದು ಬರುವಾಗ ಚೆಕ್‌ಪೋಸ್ಟ್ ದಾಟಿದ ಮೇಲೆ ಮರದ ಕೆಳಗೆ ಕಾರು ನಿಲ್ಲಿಸಿ ಫ್ಲಾಸ್ಕಿನಿಂದ ಕಾಫಿ ಕುಡಿಯುತ್ತಿದ್ದೆವು. ಮಧುಶ್ರೀ ಹಿಂದೆ ನಿದ್ದೆ ಮಾಡಿದ್ದಳು. ಒಂದು ಕೋತಿ ಬೇಲದಕಾಯಿ ಹಿಡಿದು ಕಾರಿನ ಮೇಲೆ ಹಾರಿತು. ಗಾಜಿನ ಮೂಲೆಗೆ ಕಾಯಿಯನ್ನು ಒಂದೇ ಸಮ ಕುಟ್ಟಿತು. ಕಾಯಿ ಒಡೆಯಲಿಲ್ಲ. ಅದಕ್ಕೆ ಸಿಟ್ಟು ಬಂದು, ಒಳಗೆ ನಮ್ಮನ್ನು ನೋಡಿ ಹಲ್ಲು ಕಿರಿದು, ಕಾಯಿ ಬಿಟ್ಟು ಹೋಯಿತು. ಗುರು ನಕ್ಕು ನಕ್ಕು ಕಾಫಿ ಪ್ಯಾಂಟಿನ ಮೇಲೆ ಚೆಲ್ಲಿಕೊಂಡ. ಆಮೇಲೆ ಗುಳಿ ನೋಡಿ ಮುಖ ಸಣ್ಣದು ಮಾಡಿದ.

"ಅಪ್ಪಂಗೆ ಹೇಳ್ಬೇಡ ಮಾಲಿನಿ. ಕೋತಿ ಅಂದ್ರೆ ಸಾಕು, ಅದಕ್ಕೂ ಒಂದು ಪೂಜೆ ಇಡ್ತಾರೆ."

ಟೇಪು ಹಾಕಿದ. ಬರುವ ತಿಂಗಳು ಬದಲಾಯಿಸುತ್ತೇನೆ ಎಂದ.

ಅವನು ಹೋದ ಮೇಲೆ ಅವನದೆಲ್ಲ ಎಲ್ಲರದಾಯಿತು. ಫೋಟೋ ಫ್ಲೆಕ್ಸ್ ಆಯಿತು. ಶರ್ಟುಗಳು ಹಂಚಿಹೋದವು. ಅವನು ಹೀಗಂದ, ಹಾಗಂದ ಎಂದು ಬಂದವರೆಲ್ಲ ನನಗೇ ಹೇಳಿದರು. ದೇವರಂಥವನು ಎಂದರು. ನಾನು ತಲೆಯಾಡಿಸಿದೆ. ಯಾರಿಗೂ ಗೊತ್ತಿಲ್ಲದೆ ನನ್ನೊಬ್ಬಳ ಹತ್ತಿರ ಉಳಿದದ್ದು ಆ ಕೋತಿ ಮಾತ್ರ. ಹಾಗಾಗಿ ಮಾವ ಕೈ ಹಿಂದೆ ಕಟ್ಟಿಕೊಂಡಾಗಲೂ ನಾನು ಬಾಯಿ ಬಿಡಲಿಲ್ಲ. ಮೂರು ವಾರ. ಮಗಳು ಬರಿ ಹಣೆಯಲ್ಲಿ ಸ್ಕೂಲಿಗೆ ಹೋಗುವುದನ್ನು ನೋಡಿಕೊಂಡೇ.

ಮುತ್ತಯ್ಯ ಹೊಸ ಗಾಜನ್ನು ಕೂರಿಸಿ ನಾಲ್ಕು ಸ್ಕ್ರೂ ಬಿಗಿದರು. ಪೂರ್ತಿ ಬಿಗಿಯದೆ ಗಾಜು ಮುಚ್ಚಿ, ಸುತ್ತ ಅಂಗೈ ಆಡಿಸಿ ಏರುತಗ್ಗು ನೋಡಿದರು. ಪೇಪರಿನ ಪಟ್ಟಿಯನ್ನು ರಬ್ಬರಿನ ನಡುವೆ ಸಿಕ್ಕಿಸಿ ಎಳೆದರು. ಮೂರು ಕಡೆ ಬಿಗಿಯಾಗಿ ಬಂತು, ಒಂದು ಕಡೆ ಸಲೀಸಾಗಿ ಬಂತು. ಅಲ್ಲಿ ಮತ್ತೆ ಬಿಗಿದರು. ಆಮೇಲೆ ನನ್ನನ್ನು ಕಾರಿನೊಳಗೆ ಕೂರಿಸಿ ಮೇಲಿಂದ ಎರಡು ಬಕೆಟ್ ನೀರು ಸುರಿದರು.

"ಬಂತಾ ಮೇಡಂ?"

ನೀರು ತಲೆಯ ಮೇಲೆಯೇ ಹರಡಿ, ಮೂಲೆಗೆ ಸರಿದು, ಎಲ್ಲೋ ಇಳಿದು ಹೋಯಿತು. ನನ್ನ ಮೇಲೆ ಒಂದು ಹನಿಯೂ ಬೀಳಲಿಲ್ಲ.

"ಇಲ್ಲ," ಎಂದೆ.

ಅಗರಕ್ಕೆ ಬರುವ ದಾರಿಯಲ್ಲಿ ಕಾಲುವೆಯ ಬಳಿ ನಿಲ್ಲಿಸಿದೆ. ಪೇಪರ್ ಬಿಚ್ಚಿ ನೋಡಿದೆ. ಬ್ಯಾಗಿನಲ್ಲಿ ಇಟ್ಟುಕೊಂಡರೆ ಯಾರಿಗೂ ತಿಳಿಯುವುದಿಲ್ಲ. ಟೇಪಿನ ಅಂಚಿನಲ್ಲಿ ಅವನ ಹೆಬ್ಬೆಟ್ಟಿನ ಗುರುತು ಇದೆಯೇ ಎಂದು ಹುಡುಕಿದೆ. ಬರೀ ಧೂಳಿತ್ತು. ಮತ್ತೆ ಸುತ್ತಿ ಗಾಡಿ ತೆಗೆದೆ.

ಮಾವ ಜಗಲಿಯ ಮೇಲೆ ಕೂತು ತೆಂಗಿನ ಗರಿ ಸಿಗಿದು ಪೊರಕೆ ಕಡ್ಡಿ ತೆಗೆಯುತ್ತಿದ್ದರು. ಕಾರಿನ ಕಡೆ ನೋಡಲಿಲ್ಲ. ನಾನು ಪಕ್ಕದಲ್ಲಿ ಕೂತು ಪೇಪರ್ ಬಿಚ್ಚಿ ಅವರ ಮುಂದಿಟ್ಟೆ.

"ಏನವ್ವ ಇದು?"

"ಹಳೇ ಗಾಜು ಮಾವ. ಇದಕ್ಕೆ ಮೊದಲೇ ಏಟು ಬಿದ್ದಿತ್ತು. ನಿಮ್ಮ ಕರ್ಪೂರದಿಂದ ಒಡೆದದ್ದಲ್ಲ."

"ಸಮಾಧಾನ ಏಳ್ಬ್ಯಾಡ ಕಣವ್ವ."

"ಸಮಾಧಾನ ಅಲ್ಲ. ಟೇಪ್ ನೋಡಿ. ಹಾಕಿದ್ದು ಅವರೇ."

ಕಡ್ಡಿ ಕೆಳಗಿಟ್ಟರು. ನಾನು ಹೇಳಿದೆ. ಬೆಟ್ಟ, ಕಾಫಿ, ಕೋತಿ. ಹೇಳುವಾಗ ನನ್ನ ದನಿ ತರಗತಿಯ ದನಿಯಂತೆಯೇ ಇತ್ತು. ಅವರು ಚೂರುಗಳನ್ನು ಕಣ್ಣಿನ ಹತ್ತಿರ ಹಿಡಿದರು.

"ಬೇಲದಕಾಯಾ?"

"ಬೇಲದಕಾಯಿ."

"ನಂಗ್ಯಾಕ್ ಏಳ್ನಿಲ್ಲ?"

"ಬೇಡ ಅಂದರು. ಕೋತಿಗೂ ಪೂಜೆ ಇಡ್ತಾರೆ ಅಂದರು."

ಅವರು ಬಿಳಿ ಗುಳಿಯನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ, "ಗಾಜಿಂದು ಸರಿ ಕಣವ್ವ. ಅವುಂದು?" ಎಂದರು.

"ಡಾಕ್ಟರ್ ಹೇಳಿದರಲ್ಲ. ಹಾರ್ಟಿನಲ್ಲಿ ಬ್ಲಾಕ್ ಮೊದಲೇ ಇತ್ತಂತೆ. ಎದೆ ಉರಿ ಅಂತ ಅವರು ಮಾತ್ರೆ ನುಂಗ್ತಿದ್ದರಂತೆ, ಶಟಲ್ ಆಡೋ ಸ್ನೇಹಿತರಿಗೆ ಗೊತ್ತಿತ್ತು."

"ಅದ್ನೂ ನಂಗೇಳ್ನಿಲ್ಲ."

"ನನಗೂ ಹೇಳಿರಲಿಲ್ಲ ಮಾವ."

ಅವರು ಟೇಪನ್ನು ತಿರುಗಿಸಿ ನೋಡಿದರು.

"ಬಡ್ಡೈದ," ಎಂದರು. ಆಮೇಲೆ ಇನ್ನೂ ಜೋರಾಗಿ, "ಕಳ್ ಬಡ್ಡೈದ! ಇಸ್ಕೂಲಲ್ಲಿ ಸಿಲೇಟ್ ಒಡ್ಕಂಡ್ರೂ ಇಂಗೇಯ. ಗೋಂದ್ ಮೆತ್ಕಂಡು ಬ್ಯಾಗಲ್ಲಿ ಮಡಿಕ್ಕತಿದ್ದ. ಬಾಯ್ ಬುಟ್ ಏಳಕ್ಕೇನ್ ಬಂದಿತ್ತು ಇವುನ್ಗೆ? ಅಪ್ಪ ಏನ್ ನುಂಗ್ಬುಡ್ತಿದ್ನಾ?"

ಅತ್ತೆ ಒಳಗಿನಿಂದ ಓಡಿಬಂದರು. "ಯಾರ್ನ ಬಯ್ತಿದ್ದೀರಿ?"

"ನಿನ್ ಮಗುನ್ನ!"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹತ್ತು ತಿಂಗಳಿಂದ ಆ ಮನೆಯಲ್ಲಿ ಅವನನ್ನು ಯಾರೂ ಬೈದಿರಲಿಲ್ಲ. ಅವರು ಬಾಗಿಲಿಗೆ ಒರಗಿ ನಿಂತು, ಕೊನೆಗೆ ಕೇಳಿದರು. "ಏನ್ ಮಾಡುದ್ನಂತೆ?"

ನಾನು ಮತ್ತೊಮ್ಮೆ ಹೇಳಬೇಕಾಯಿತು. ಸಂಜೆ ಅತ್ತೆ ಹನೂರಿಗೆ ಫೋನ್ ಮಾಡಿ ತಮ್ಮನಿಗೆ ಹೇಳುವಾಗ ಕೋತಿ ಎರಡಾಗಿತ್ತು. ಗಿರಾಕಿ ಬ್ಯಾಡ ಅಂತ ಏಳ್ತಾವ್ರೆ ಎಂದೂ ಸೇರಿಸಿದರು. ಹಾಗೆಂದು ಮಾವ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಟೇಪನ್ನು ಮಾವ ನನಗೆ ವಾಪಸು ಕೊಡಲಿಲ್ಲ. ನಾನು ಕೇಳಲೂ ಇಲ್ಲ. ನನಗೆ ಹಗುರಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬೇಗ ನಿದ್ದೆ ಬಂತು.

ಮರುದಿನ ಬೆಳಿಗ್ಗೆ ಮಧುಶ್ರೀ ಶೂ ಹಾಕಿಕೊಂಡು ಗೇಟಿನ ತನಕ ಹೋಗಿದ್ದಳು. ಮಾವ ದೇವರ ಕೋಣೆಯ ಬಾಗಿಲಿಗೆ ಬಂದರು.

"ಲೇ ಕೂಸು. ಬಾ ಇಲ್ಲಿ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಶೂ ಬಿಚ್ಚಿ, ಹೋಗಿ, ಕಣ್ಣು ಮುಚ್ಚಿ ಮುಖ ಎತ್ತಿದಳು. ಮಾವ ವಿಭೂತಿ ಹಚ್ಚಿದರು. ಮೂರನೆಯ ಗೆರೆ ಹುಬ್ಬಿನ ಮೇಲೆ ಬಂತು. ವಿಭೂತಿ ಮೂಗಿಗೆ ಉದುರಿ ಅವಳು ಸೀನಿದಳು.

"ಏನಾರ ಆದ್ರೆ ತಾತಂಗೆ ಏಳ್ಬೇಕು. ಆಯ್ತಾ?"

"ಏನಾದ್ರೆ?"

"ಏನಾರ. ಒಡುದ್ರೆ, ನೋವಾದ್ರೆ."

ಅವಳು ಯೋಚಿಸಿದಳು. "ಹೋದ ವಾರ ನನ್ ಪೆನ್ಸಿಲ್ ಬಾಕ್ಸ್ ಮುಚ್ಚಳ ಒಡೀತು."

"ಯಾಕ್ ಏಳ್ನಿಲ್ಲ?"

"ನೀನು ಕರೀಲೇ ಇಲ್ವಲ್ಲ."

ನಾನು ಹೋಗಿ ಕಾರು ಸ್ಟಾರ್ಟ್ ಮಾಡಿದೆ.