ಜ್ವರಕ್ಕೆ ಕೂತ ಕೂಸು

ಐವತ್ತೇಳರ ಚಳಿಯಲ್ಲಿ ನಮ್ಮ ಉಮ್ಮತ್ತೂರಿನ ಮನೆಯಲ್ಲಿ ಹುಳುಗಳೂ ಮಲಗಿದ್ದವು, ಅಣ್ಣನ ಮಗುವೂ ಮಲಗಿತ್ತು. ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಪೊರೆ ಕಳಚಲು ಸುಮ್ಮನಾಗುತ್ತದೆ. ನಮ್ಮವರು ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು. ರಾಗಿ ಜರಡಿ ಹಿಡಿದ ಹಾಗೆ ಸದಾ ಹುಳು ಮೇಯುವ ಸದ್ದು ಕೇಳುತ್ತಿದ್ದ ತಟ್ಟೆಗಳು ಮೂಕವಾಗಿದ್ದವು. ಆ ಮನೆಯೊಳಗೆ ಓಡಾಡುವಾಗ ನಾನೂ ಯಾರದೋ ಕನಸಿನಲ್ಲಿ ನಡೆಯುತ್ತಿದ್ದೇನೆ ಅನ್ನಿಸುತ್ತಿತ್ತು.

ಹುಟ್ಟಿ ನಾಲ್ಕೇ ದಿನದ ಕೂಸು ಮೊಲೆ ಬಿಟ್ಟಿತ್ತು. ಅಳು ಇಲ್ಲ, ಆಗಾಗ ಬಿಕ್ಕಳಿಕೆ. "ಕರುಳು ಬೆಳೀತಾ ಅದೆ, ಬುಡು," ಅಂದಳು ನಮ್ಮವ್ವ. ಅತ್ತಿಗೆ ಶಿವರುದ್ರಮ್ಮನ ಕೈಗೆ ಹುಳು ಒಲಿದಿತ್ತು. ಅವಳು ಮಗುವನ್ನು ತಟ್ಟೆಗಳ ಪಕ್ಕದಲ್ಲೇ ಮಲಗಿಸಿ, "ಜ್ವರುಕ್ಕೆ ಕೂತದೆ ಕಣಪ್ಪ. ಯಾರೂ ಮುಟ್ಬ್ಯಾಡಿ. ಎದ್ದಾಗ ಎಂಗೆ ಕುಡೀತದೆ ನೋಡ್ತಿರು," ಅಂದಳು. ನಾನು ಆಗ ಮೈಸೂರಲ್ಲಿ ಡಾಕ್ಟರಿಕೆ ಓದುತ್ತಿದ್ದೆ, ರಜೆಗೆ ಊರಿಗೆ ಬಂದಿದ್ದೆ. ಎರಡು ವರ್ಷ ಓದಿದ ಜಂಬದಲ್ಲಿ, ಮೈ ಬೆಚ್ಚಗಿದೆ, ಮಲಗಲಿ ಅಂದುಬಿಟ್ಟೆ. ತುಂಬಿದ ಕೊಡ ತುಳುಕುವುದಿಲ್ಲ, ನಾನು ತುಳುಕಿದೆ.

ಎರಡು ದಿನ ಅತ್ತಿಗೆ ದೂರ ಕೂತು ಕಾದಳು. ಕೈ ಚಾಚುವಳು, ಹಿಂದಕ್ಕೆ ಎಳೆದುಕೊಳ್ಳುವಳು. ಮೂರನೆಯ ಬೆಳಿಗ್ಗೆ ಹುಳುಗಳು ಎದ್ದವು, ಮಗು ಏಳಲಿಲ್ಲ. ಅಣ್ಣ ಹೊಲದಿಂದ ಓಡಿಬಂದಾಗ ಅತ್ತಿಗೆ ಸೊಪ್ಪಿನ ಬುಟ್ಟಿ ಹಿಡಿದೇ ನಿಂತಿದ್ದಳು.

"ಎಬ್ಸಿ ಆಲು ಕುಡುಸ್ನಿಲ್ಲ, ನಾನೇ ಕೊಂದ್ಬುಟ್ಟೆ." ಹದಿನೈದು ವರ್ಷ ಅವಳದು ಇದೊಂದೇ ಮಾತು.

ಗುಂಡ್ಲುಪೇಟೆಯಲ್ಲಿ ನಾನು ಡಾಕ್ಟರ ಷಾಪು ತೆರೆದ ಮೇಲೆ ಒಂದು ಸಂಜೆ ವೈದ್ಯರ ಪತ್ರಿಕೆಯಲ್ಲಿ ಅದೇ ನಿದ್ದೆ, ಅದೇ ಬಿಕ್ಕಳಿಕೆ ಕಣ್ಣಿಗೆ ಬಿತ್ತು. ಗ್ಲೈಸಿನ್ ಎಂಬ ಪುಟ್ಟ ಅಮೈನೋ ಆಮ್ಲ ಎಲ್ಲರ ಮೈಯಲ್ಲೂ ಇದೆ. ಉಣ್ಣುವ ಅನ್ನದಿಂದ ಬರುತ್ತದೆ, ಮೈ ತಾನೂ ಮಾಡಿಕೊಳ್ಳುತ್ತದೆ. ಹೆಚ್ಚಾದದ್ದನ್ನು ಪಿತ್ತಜನಕಾಂಗ, ಮಿದುಳು ಒಡೆದು ಹಾಕುತ್ತವೆ: ಒಂದು ಪಾಲು ಇಂಗಾಲದ ಡೈಆಕ್ಸೈಡ್ ಆಗಿ ಉಸಿರಲ್ಲಿ ಹೋಗುತ್ತದೆ, ಒಂದು ಪಾಲು ಅಮೋನಿಯ, ಮಿಕ್ಕ ಚೂರು ಬೇರೆ ಕೆಲಸಕ್ಕೆ. ಒಡೆಯುವ ಶಕ್ತಿಯೇ ಇಲ್ಲದೆ ಹುಟ್ಟಿದ ಕೂಸಿಗೆ ಅದು ಮಿದುಳಲ್ಲಿ ತುಂಬಿ, ನಿದ್ದೆ ಕವಿದು, ಕೊನೆಗೆ ಉಸಿರಾಟವೂ ನಿಲ್ಲುತ್ತದೆ.

ಮರುದಿನವೇ ಬಸ್ಸು ಹತ್ತಿದೆ. ಅತ್ತಿಗೆ ಸೊಪ್ಪು ಕತ್ತರಿಸುತ್ತಿದ್ದಳು. ಎಲ್ಲವನ್ನೂ ಬಿಡಿಸಿ ಹೇಳಿ, ಸಂತೋಷ ತಡೆಯಲಾರದೆ, "ನಿಂದೇನೂ ತಪ್ಪಿಲ್ಲ ಅತ್ತಿಗಮ್ಮ. ಎಬ್ಸಿದ್ರೂ ಉಳೀತಿರ್ನಿಲ್ಲ," ಅಂದೆ.

ಅವಳ ಕೈ ನಿಂತಿತು.

"ಎತ್ಕೊಂಡಿದ್ರೂ ಅಷ್ಟೇಯಾ?"

"ಅಷ್ಟೇ."

"ಅಂಗಾರೆ ಆ ಎಲ್ಡು ದಿನ ನನ್ನ ಮಡ್ಲಲ್ಲೇ ಇಟ್ಕೋಬೋದಿತ್ತಲ್ಲ, ಶಂಭು," ಅಂದಳು.