ಪೆಟ್ಟಿಗೆಗೆ ಹಾಕಿದ ಚೀಟಿ

ಫ್ಯಾನು ಈ ಕಡೆ ತಿರುಗಿದಾಗಲೆಲ್ಲ ದೂರಿನ ಹಾಳೆ ಏಳುತ್ತಿದೆ, ಮೊಣಕೈಯಿಂದ ಒತ್ತಿ ಹಿಡಿದಿದ್ದೇನೆ, ಕೊನೆಯಲ್ಲಿ ತಂಗಿಯ ಸಹಿ, ಸಹಿಯಿಲ್ಲದ ದೂರನ್ನು ಮುಟ್ಟಬಾರದೆಂದು ಸಭೆಗೆ ಪಾಠ ಹೇಳಿದವಳು ನಾನೇ, ಅದಕ್ಕೇ ನನ್ನೆದುರೇ ಕೂತು ಗೀಚಿದಳು, ಬಿಡಲ್ಲ ಅಕ್ಕ, ಈ ಪಾಸ್ಟರ್ ಇಲ್ಲಿಂದ ಹೋಗ್ಲೇಬೇಕು — ಈಗ ಮೇಜಿನ ಆಚೆ ಪಾಸ್ಟರು, ಈಚೆ ಅವಳು, ನಡುವೆ ಸಭೆಗಳ ಜಿಲ್ಲಾ ಮೇಲ್ವಿಚಾರಕರು, ವರದಿ ಬರೆಯುವ ಕಾರ್ಯದರ್ಶಿ ನಾನು. ಓದಮ್ಮ ಎಂದರು, ಓದಿದೆ, ತಂಗಿ ಬರೆದಂತೆಯೇ, ಭಾನುವಾರ ಪೀಠದಿಂದ ಪ್ರಾರ್ಥಿಸುವಾಗ ನನ್ನ ಮಗಳು ಗಂಡನ ಮನೆ ಬಿಟ್ಟು ಬಂದಿರುವುದನ್ನು ಇಡೀ ಸಭೆಗೆ ತಿಳಿಸಿದ್ದಾರೆ — ಹೆಸರು ಹೇಳಲಿಲ್ಲ ನಿಜ, ನೊಂದು ತವರಿಗೆ ಮರಳಿದ ಮಗಳಿಗಾಗಿ ಎಂದರು ಅಷ್ಟೇ, ಕಣ್ಣು ಮುಚ್ಚಿರಬೇಕಾದವರೆಲ್ಲ ಕಣ್ಣು ಬಿಟ್ಟು ತಂಗಿಯ ಬೆಂಚಿನ ಕಡೆ ತಿರುಗಿದರು, ಅಂದು ಕೋಣೆ ಸೇರಿದ ಹುಡುಗಿ ಹೊರಬಂದಿಲ್ಲ, ದೊಡ್ಡಮ್ಮ ಎಂದು ಕೊರಳಿಗೆ ಬೀಳುತ್ತಿದ್ದವಳು ನನಗೂ ಚಿಲಕ ತೆಗೆಯುವುದಿಲ್ಲ.

ಅಳಿಯನ ಕಡೆಯವರೇ ಪಾಸ್ಟರ ಕಿವಿ ಊದಿದ್ದಾರೆಂದು ತಂಗಿಯ ಲೆಕ್ಕ, ಅಕ್ಕನ ಮೇಲೆ ಅನುಮಾನವೇ ಬರಲಿಲ್ಲ ಅವಳಿಗೆ, ಅಯ್ಯೋ, ಹುಡುಗಿಗೆ ಒಳ್ಳೆಯದಾಗಲಿ ಎಂದೇ ಆ ಚೀಟಿ ಬರೆದೆ, ಪ್ರಾರ್ಥನೆಯ ಚೀಟಿಯನ್ನು ಪಾಸ್ಟರ ಕೈಗೆ ಕೊಟ್ಟರೆ ಅವರೊಬ್ಬರೇ ಪ್ರಾರ್ಥಿಸುತ್ತಾರೆ, ಬಾಗಿಲ ಬಳಿಯ ಪೆಟ್ಟಿಗೆಗೆ ಹಾಕಿದರೆ ಪೀಠದಿಂದ, ಚಿಕ್ಕಂದಿನಿಂದ ಗೊತ್ತು, ಆದರೂ ಅವರ ಕೋಣೆಯ ಮುಂದೆ ಜನ ನಿಂತಿದ್ದರು, ಕಾಯಲು ಬೇಜಾರಾಗಿ ಪೆಟ್ಟಿಗೆಗೆ ತುರುಕಿ ಬಂದೆ, ಬುದ್ಧಿಗೇಡಿ. ನನ್ನ ಹೆಸರು ಬರೆದಿರಲಿಲ್ಲ, ಆದರೆ ವಾರವಾರವೂ ನನ್ನ ವರದಿ ಓದುವ ಪಾಸ್ಟರಿಗೆ ನನ್ನ ಅಕ್ಷರ ತಿಳಿಯದೇ. ಯಾರು ಹೇಳಿದ್ರು ನಿಮಗೆ, ಮೇಲ್ವಿಚಾರಕರು ಕೇಳುತ್ತಿದ್ದಾರೆ, ಪಾಸ್ಟರು ನನ್ನ ಕಡೆ ನೋಡುವುದೇ ಇಲ್ಲ, ನೋಡಿ ಪಾಸ್ಟರೇ, ಹೇಳಿಬಿಡಿ ಎಂದು ಮನಸ್ಸಿನಲ್ಲೇ ಬೇಡುತ್ತಿದ್ದೇನೆ, ಪ್ರಾರ್ಥನೆ ಕೇಳಿದವರ ಹೆಸರು ಹೇಳೋಕಾಗಲ್ಲ ಸರ್ ಎನ್ನುತ್ತಾರೆ ಅವರು, ತಪ್ಪು ನಂದೇ. ಹಾಗಾದ್ರೆ ನಿಮ್ಮನ್ನ ವರ್ಗ ಮಾಡದೆ ಬೇರೆ ದಾರಿ ಇಲ್ಲ, ಬರ್ಕೊಳ್ಳಮ್ಮ. ತಪ್ಪು ಒಪ್ಪಿಕೊಂಡರು ಎಂದು ಬರೆಯಬೇಕು, ಒಪ್ಪಿ ಎಂಬಲ್ಲಿಗೆ ಕೈ ನಿಂತಿದೆ, ಹೇಳಿದರೆ ತಂಗಿ ಕೈಬಿಟ್ಟು ಹೋದಳು, ಹೇಳದಿದ್ದರೆ ತಪ್ಪು ಮಾಡದ ಇವರು ಹೋದರು, ನಾಚಿಕೆಯಾಗುತ್ತಿದೆ, ಭಯವಾಗುತ್ತಿದೆ, ಬಾಯಿ ತೆರೆ, ತೆರೆ — ಯಾಕಕ್ಕ ಇಷ್ಟು ಬೆವರ್ತಿದ್ದೀಯ, ನನಗೋಸ್ಕರ ಎಷ್ಟು ಸಂಕಟಪಡ್ತೀಯ, ತಂಗಿ ತನ್ನ ಲೋಟವನ್ನು ಮೇಜಿನ ಮೇಲೆ ನನ್ನ ಕಡೆ ಸರಿಸುತ್ತಿದ್ದಾಳೆ, ನೀರು ಕುಡಿ, ತುಂಬಿದ ಲೋಟ, ಅವಳ ಬೆರಳು, ನೀರು, ಆ ಲೋಟ ಮುಟ್ಟಿದೆನೋ, ಮತ್ತೆ ನಿಜ ಹೇಳಲಾರೆ