ಒತ್ತಿದರೆ ನಿಲ್ಲುವ ಮೆಷಿನ್

ಮೈಲುತುತ್ತದಲ್ಲಿ ತಾಮ್ರವಿದೆ, ತಾಮ್ರಕ್ಕೆ ಹುಳಿಯೇ ಮದ್ದು. ಮೇಗುಂದದ ಸುಬ್ಬಯ್ಯನವರ ತರ್ಕದಲ್ಲಿ ತಪ್ಪಿರಲಿಲ್ಲ, ತಪ್ಪಿದ್ದದ್ದು ನಾರಿನಲ್ಲಿ. ತೋಟಕ್ಕೆ ಹೊಡೆದ ಔಷಧಿ ಗಾಳಿಗೆ ಹಾರಿ ಅವರ ಕಪ್ಪು ಕಾರಿನ ಬಾನೆಟ್ ಮೇಲೆ ನೀಲಿ ಚುಕ್ಕಿಗಳಾಗಿ ಒಣಗಿದಾಗ, ಅವರು ವಾಟೆಹುಳಿ ಹಚ್ಚಿ, ತೆಂಗಿನ ನಾರು ಹಿಡಿದು, ಹಂಡೆ ಬೆಳಗಿದಂತೆ ಬೆಳಗಿಬಿಟ್ಟರು. ಚುಕ್ಕಿಯ ಜೊತೆ ಹೊಳಪೂ ಹೋಯಿತು. ಬಿಸಿಲಿಗೆ ನೋಡಿದರೆ ಬಾನೆಟ್ ತುಂಬ ಜೇಡರ ಬಲೆಯಂಥ ಗೀರು.

ನರಸಿಂಹರಾಜಪುರದಲ್ಲಿ ಕಾರು ತೊಳೆಯುವ ಶೆಡ್ ಇಟ್ಟಿದ್ದ ನಯನ ಅದನ್ನು ಕಂಡು, "ಗೀರು ಮೇಲಿನ ಪದರದಲ್ಲೇ ಇದೆ, ಪಾಲಿಶ್ ಮಾಡಿದ್ರೆ ಹೋಗುತ್ತೆ" ಎಂದಳು. ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಬಕೆಟ್ಟು, ಬಟ್ಟೆ ಹಿಡಿದದ್ದು ಅವಳಿಗೆ ಸಾಕಾಗಿತ್ತು.

"ಸೋಮವಾರ ಶಿವಮೊಗ್ಗಕ್ಕೆ ಬಣ್ಣಕ್ಕೆ ಬಿಡೋದು. ಅಷ್ಟರೊಳಗೆ ಆದ್ರೆ ಮಾಡು" ಎಂದರು ಸುಬ್ಬಯ್ಯ. "ಬಣ್ಣ ಸುಟ್ಟುಹಾಕಿದ್ಯೋ, ನಮ್ಮ ಕಡೆ ಒಂದು ಕಾರೂ ನಿನ್ನ ಶೆಡ್ಡಿಗೆ ಬರಲ್ಲ ನೋಡು."

ಅದು ಬರಿಯ ಬೆದರಿಕೆಯಲ್ಲ. ಮೇಗುಂದದವರು ಟೈರು ಕೊಳ್ಳುವುದಕ್ಕೂ ಸುಬ್ಬಯ್ಯನವರನ್ನೇ ಕೇಳುತ್ತಿದ್ದರು. ಇತ್ತ ನಯನಳ ಬಳಿ ಪಾಲಿಶ್ ಮೆಷಿನ್ ಇರಲಿಲ್ಲ. ಅಂಥದ್ದನ್ನು ಅವಳು ಕೈಯಲ್ಲಿ ಹಿಡಿದದ್ದೂ ಇಲ್ಲ.

ಮರುದಿನ ಬೆಳಿಗ್ಗೆಯೇ ಕೊಪ್ಪಕ್ಕೆ ಹೋದಳು. ಹಾರ್ಡ್‌ವೇರ್ ಅಂಗಡಿಯ ಯೋಗೇಂದ್ರ ಎರಡು ಮೆಷಿನ್ ತಂದಿಟ್ಟ. ಒಂದು ಭಾರದ್ದು, ಸುಮ್ಮನೆ ಗಿರ್ರನೆ ತಿರುಗುವುದು. ಇನ್ನೊಂದು ಹಗುರ, ತಿರುಗುತ್ತಲೇ ಅತ್ತಿತ್ತ ಅದುರುವುದು.

"ಇದು ಗಂಡು ಮೆಷಿನ್" ಎಂದು ಭಾರದ್ದನ್ನು ಹಲಗೆಗೆ ಒತ್ತಿ ಹಿಡಿದ. ಅದು ನಿಲ್ಲಲಿಲ್ಲ. ಹಲಗೆ ಕಂದಿತು, ವಾರ್ನಿಶ್ ಸುಟ್ಟ ವಾಸನೆ ಎದ್ದಿತು. "ನೋಡಿದ್ಯಾ ದಮ್ಮು?"

"ಅದಕ್ಕೆಂತ ಆಗಿದೆ?" ಎಂದು ನಯನ ಹಗುರದ್ದನ್ನು ತೋರಿಸಿದಳು.

"ಅದಾ? ಮರಗೆಲಸದವನೊಬ್ಬ ತಗೊಂಡು ಹೋಗಿ ವಾಪಸ್ ಕೊಟ್ಟಿದ್ದು. ಒತ್ತಿದ್ರೆ ನಿಂತೇ ಹೋಗುತ್ತೆ ಮಾರಾಯ್ತಿ. ಮದುವೆ ಮನೇಲಿ ನಾಚಿಕೊಂಡು ನಿಲ್ಲೋ ಅಳಿಯನ ಹಾಗೆ."

ನಯನ ಅದರ ಚಕ್ರದ ಅಂಚಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಳು. ಮೆಲ್ಲಗೆ ಒತ್ತಿದಾಗ ಗೆರೆ ಸುತ್ತುತ್ತಿತ್ತು. ಬಲವಾಗಿ ಒತ್ತಿದಾಗ ಮೋಟಾರು ಓಡುತ್ತಲೇ ಇತ್ತು, ಚಕ್ರ ಅದುರುತ್ತಲೂ ಇತ್ತು, ಗೆರೆ ಮಾತ್ರ ಇದ್ದಲ್ಲೇ ನಿಂತಿತು. ಹತ್ತು ಸಲ ಒತ್ತಿ, ಹತ್ತು ಸಲ ಬಿಟ್ಟು ನೋಡಿದಳು. ಹಲಗೆ ಬೆಚ್ಚಗಾಗಿತ್ತು, ಅಷ್ಟೇ. ಕೈ ತಪ್ಪಿದರೆ ಭಾರದ್ದು ಬಣ್ಣವನ್ನು ಸುಡುತ್ತದೆ. ಇದು ತಾನೇ ನಿಲ್ಲುತ್ತದೆ. ಯೋಗೇಂದ್ರ ಯಾವುದನ್ನು ಹುಳುಕು ಎನ್ನುತ್ತಿದ್ದನೋ, ಕೈ ಪಳಗದವಳಿಗೆ ಬೇಕಾದದ್ದು ಅದೇ.

"ಇದನ್ನೇ ಕೊಡಿ."

"ಆಮೇಲೆ ನನ್ನ ಬೈಬೇಡ ಮತ್ತೆ!"

ಗುಜರಿಯಿಂದ ತಂದ ಹಳೆಯ ಬಾಗಿಲೊಂದರ ಮೇಲೆ ಎರಡು ದಿನ ಕಲಿತಳು. ನುಣ್ಣನೆಯ ಪಾಲಿಶ್, ಸ್ಪಂಜಿನ ಪ್ಯಾಡ್, ಉದ್ದಕ್ಕೆ ನಾಲ್ಕು ಸಲ, ಅಡ್ಡಕ್ಕೆ ನಾಲ್ಕು ಸಲ. ಪ್ರತಿ ಸಲವೂ ಕೈಯ ಹಿಂಬದಿಯಿಂದ ಬಿಸಿ ನೋಡುವುದು. ಬೇಕೆಂದೇ ತಪ್ಪು ಮಾಡಿ, ಒಂದು ಮೂಲೆಯಲ್ಲಿ ಬಲವಾಗಿ ಒತ್ತಿ ನಿಲ್ಲಿಸಿದಳು. ಬಣ್ಣ ಸುಡಲಿಲ್ಲ.

ಭಾನುವಾರ ಸುಬ್ಬಯ್ಯ ಕಾರು ತಂದು, ಶೆಡ್ಡಿನಲ್ಲೇ ಕುರ್ಚಿ ಹಾಕಿಕೊಂಡು ಕೂತರು. ನಯನ ಬಾನೆಟ್ ತೊಳೆದು, ಒರೆಸಿ, ನಡುವೆ ಉದ್ದಕ್ಕೆ ಟೇಪು ಅಂಟಿಸಿದಳು. ಒಂದು ಬದಿಗೆ ಮಾತ್ರ ಮೆಷಿನ್ ಹಿಡಿದಳು.

"ಎಂತ ಮಾರಾಯ್ತಿ, ಮಗುಗೆ ಬೆನ್ನು ತಟ್ಟಿದ ಹಾಗೆ ಮಾಡ್ತೀಯ! ಒತ್ತೇ ಸ್ವಲ್ಪ."

"ನೀವು ಒತ್ತಿದ್ದಕ್ಕೇ ಹೀಗಾಗಿರೋದು."

ಸುಬ್ಬಯ್ಯ ಕುರ್ಚಿಯನ್ನು ತುಸು ಹಿಂದಕ್ಕೆ ಎಳೆದುಕೊಂಡರು. ಮುಕ್ಕಾಲು ಗಂಟೆಯ ಮೇಲೆ ಅವಳು ಬಟ್ಟೆಯಿಂದ ಒರೆಸಿ, ಕಾರನ್ನು ಬಿಸಿಲಿಗೆ ತಂದು ಟೇಪು ಕಿತ್ತಳು. ಎಡಕ್ಕೆ ಬೂದು ಬಲೆ. ಬಲಕ್ಕೆ ಬಾವಿಯ ನೀರಿನಂಥ ಕಪ್ಪು. ಅದರಲ್ಲಿ ಎದುರಿನ ಹಲಸಿನ ಮರದ ಒಂದೊಂದು ಎಲೆಯೂ ಬೇರೆಬೇರೆಯಾಗಿ ಕಾಣುತ್ತಿತ್ತು.

ಸುಬ್ಬಯ್ಯ ಬಗ್ಗಿದರು. ಬಲಕ್ಕೆ ಬಗ್ಗಿದಾಗ ಮುಖ ಕಂಡಿತು, ಎಡಕ್ಕೆ ಬಗ್ಗಿದಾಗ ಇಲ್ಲ. ಮತ್ತೆ ಬಲಕ್ಕೆ ಬಂದು ಮೀಸೆ ಸರಿಮಾಡಿಕೊಂಡರು. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು, "ಹಲೋ, ನಾಳೆ ಕಾರು ಬರಲ್ಲ ಮಾರಾಯ. ಬಣ್ಣ ಎಂತಕ್ಕೆ, ಇದ್ದ ಬಣ್ಣವೇ ಸಿಕ್ಕಿದೆ" ಎಂದು ಕೂಗಿದರು.

ಫೋನಿಟ್ಟು ನಯನಳ ಕಡೆ ತಿರುಗಿದರು. "ಇನ್ನರ್ಧ ಮುಗಿಸು. ಬಾಗಿಲು, ಡಿಕ್ಕಿ ಎಲ್ಲ ಯಾವಾಗ? ನಮ್ಮ ಭಾವನ ಜೀಪೂ ಉಂಟು."

"ಬಾಗಿಲು, ಡಿಕ್ಕಿ ನಾಳೆ. ಜೀಪು ಬುಧವಾರ ಎಂಟು ಗಂಟೆಗೆ" ಎಂದಳು ನಯನ, ಮೆಷಿನ್ ಕೈಗೆತ್ತಿಕೊಳ್ಳುತ್ತಾ. "ಒಂಬತ್ತಕ್ಕೆ ಬಂದ್ರೆ ಬೇರೆಯವರ ಕಾರು ಹಿಡಿದಿರ್ತೀನಿ."